ಹೊಸ್ತಿಲಲ್ಲಿ ತಡ ಮಾಡುತ್ತಿದ್ದವರು

ಟಿವಿಯಲ್ಲಿ ಚುನಾವಣಾ ಸಮೀಕ್ಷೆ ಶುರುವಾಯಿತೆಂದರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. ‘ನಿನ್ನ ಕಸಬಿನ ಸುದ್ದಿ ಬಂದದ, ನೋಡ ಬಾ’ ಎಂದು ಮನೆಯವರು ಕರೆಯುತ್ತಾರೆ. ನೋಡಿ ಏನು ಮಾಡಲಿ? ಕೋಟು ತೊಟ್ಟವರು ನಕ್ಷೆಯ ಮೇಲೆ ಬಣ್ಣ ಬಳಿಯುತ್ತಾರೆ. ಈ ಜಿಲ್ಲೆಯ ಮನಸ್ಸು ಇಂಥ ಕಡೆ ವಾಲಿದೆ ಅನ್ನುತ್ತಾರೆ. ಆ ಬಣ್ಣದೊಳಗೆ ಯಾವ ಓಣಿಯ ಯಾವ ಬಾಗಿಲಿದೆ, ಆ ಬಾಗಿಲಲ್ಲಿ ಯಾರು ಯಾರ ಮುಖ ನೋಡಿ ಏನು ಹೇಳಿದರು ಎಂಬುದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತಿದೆ, ಗೊತ್ತಿದ್ದೂ ಯಾರಿಗೂ ಉಪಯೋಗವಿಲ್ಲ. ಹೋದ ಸಲ ಹೀಗೆ ಎದ್ದು ಒಳಗೆ ಹೋಗಿ ಹಾಲು ಕಾಯಿಸುತ್ತಿದ್ದಾಗ ನನ್ನ ಜೊತೆ ಸಮೀಕ್ಷೆಯ ಕೆಲಸ ಮಾಡಿದ ಗೆಳೆಯರೊಬ್ಬರು ತೀರಿಹೋದರೆಂದು ಶಹಾಪುರದಿಂದ ಫೋನು ಬಂತು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಟಿವಿಯಲ್ಲಿ ಇನ್ನೂ ಮಾತಾಡುತ್ತಲೇ ಇದ್ದರು.

ಅವರ ಹೆಸರು ಬರೆಯುವುದಿಲ್ಲ. ಉತ್ತರ ಕೊಟ್ಟವರ ಹೆಸರು ಹೊರಗೆ ಬರಬಾರದು ಎಂಬುದು ನಮ್ಮ ಕೆಲಸದ ನಿಯಮ. ಅದನ್ನು ಅವರಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರನ್ನು ನಾನು ಕಾಣೆ. ಅದೇ ಮರ್ಯಾದೆ ಅವರಿಗೂ ಇರಲಿ. ನಾನು ಅವರನ್ನು ‘ಅಣ್ಣಾರ’ ಎನ್ನುತ್ತಿದ್ದೆ. ಅವರು ನನಗಿಂತ ಹಿರಿಯರಾದರೂ ನನ್ನನ್ನು ‘ಅಕ್ಕಾರ’ ಎಂದೇ ಕರೆಯುತ್ತಿದ್ದರು, ಯಾಕೆಂದರೆ ನಾನು ಮೊದಲು ಯಾದಗಿರಿಯ ಒಂದು ಸಣ್ಣ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದೆ. ನಮ್ಮ ಕಡೆ ಕಲಿಸುವ ಹೆಂಗಸು ಯಾವ ವಯಸ್ಸಿನವಳಾದರೂ ಊರಿಗೆಲ್ಲ ಅಕ್ಕಾರು. ಆ ಶಾಲೆ ಮುಚ್ಚಿದ ಮೇಲೆ ನಾನು ಸಮೀಕ್ಷೆಯ ಕೆಲಸಕ್ಕೆ ಸೇರಿದೆ. ಅವರದೊಂದು ಫೋಟೋ ಸ್ಟುಡಿಯೋ ಇತ್ತು, ಶಹಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅದೂ ಮುಚ್ಚಿತು. ಮುಚ್ಚಿದ ಎರಡು ಅಂಗಡಿಗಳವರು ಒಂದೇ ದಿನ ತರಬೇತಿಗೆ ಹೋಗಿ ಕೂತೆವು.

ತರಬೇತಿ ಕೊಡಲು ಬೆಂಗಳೂರಿನ ಕಂಪನಿಯಿಂದ ಒಬ್ಬ ತರುಣ ಬಂದಿದ್ದ. ಒಳ್ಳೆಯ ಹುಡುಗ, ಪಾಪ, ಬಿಸಿಲಿಗೆ ಮುಖ ಕೆಂಪಾಗಿತ್ತು. ಇಷ್ಟು ದೊಡ್ಡ ಜಿಲ್ಲೆಗೆ ಇಷ್ಟೇ ಮನೆ ಕೇಳಿದರೆ ಸಾಕೇ ಎಂದು ನಾನು ಕೇಳಿದ್ದಕ್ಕೆ, ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದಗುಳು ಹಿಚುಕಿದರೆ ಸಾಕಲ್ಲವೇ ಮೇಡಂ ಎಂದ. ಎಲ್ಲರೂ ತಲೆದೂಗಿದರು. ಪಕ್ಕದಲ್ಲಿ ಕೂತಿದ್ದ ಇವರು ಟವೆಲ್ಲು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ, ‘ಅನ್ನಕ್ಕ ನಾಚಿಕಿ ಇರಂಗಿಲ್ಲಲ್ರಿ ಅಕ್ಕಾರ, ಮಂದಿಗಿರ್ತದ’ ಎಂದರು. ಅಂದಿನಿಂದ ನಾವು ಗೆಳೆಯರು.

ಅವರು ಮುಖ ನೋಡಿ ಮೆಚ್ಚುವಂಥ ಮನುಷ್ಯ. ತುಂಬು ತೋಳಿನ ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು, ಎಲೆ ಅಡಿಕೆ ಹಾಕಿ ಕೆಂಪಾದ ನಾಲಿಗೆ. ಸುರಪುರ, ಶಹಾಪುರದ ಅರ್ಧ ಮದುವೆಗಳ ಫೋಟೋ ತೆಗೆದವರು ಅವರೇ. ಹೀಗಾಗಿ ಯಾವ ಮನೆಗೆ ಹೋದರೂ ಗೋಡೆಯ ಮೇಲೆ ಅವರದೊಂದು ಫೋಟೋ ಇರುತ್ತಿತ್ತು. ಅವರು ಬಾಗಿಲಲ್ಲಿ ನಿಂತರೆ ಹೆಂಗಸರು ತಮಗೇ ತಿಳಿಯದೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಗಂಡಸರು ಬೆನ್ನು ನೆಟ್ಟಗೆ ಮಾಡಿ ಕೂಡುತ್ತಿದ್ದರು. ಆಮೇಲೆ ಹೇಳುವ ಉತ್ತರವೂ ಸೆರಗು ಸರಿಮಾಡಿಕೊಂಡೇ ಬರುತ್ತಿತ್ತು. ನೀರು ಬರುತ್ತದೆಯೇ? ಬರ್ತದ್ರಿ. ರೇಶನ್ ಸರಿಯಾಗಿ ಕೊಡುತ್ತಾರೆಯೇ? ಕೊಡ್ತಾರ್ರಿ. ಆಸ್ಪತ್ರೆಯಲ್ಲಿ ಡಾಕ್ಟರ್ ಇರುತ್ತಾರೆಯೇ? ಇರ್ತಾರ್ರಿ, ಪಾಪ, ಅವರಿಗೂ ಮನಿ ಮಠ ಇರ್ತದಲ್ರಿ.

ನನ್ನ ಕಥೆ ತಿರುಗಾಮುರುಗಾ. ನನ್ನ ಮುಖ ಹುಟ್ಟಿದಾಗಿನಿಂದ ಗಂಟು. ನಾನು ಹೋಗಿ ನಿಂತರೆ ಜನರಿಗೆ ಎಲ್ಲ ಸಂಕಟ ನೆನಪಾಗುತ್ತಿತ್ತು. ನೀರಿಲ್ಲ, ಕರೆಂಟಿಲ್ಲ, ನಿಮ್ಮಂಥವರು ಬರ್ತಾರ ಬರಕೊಂಡು ಹೋಗ್ತಾರ, ಇನ್ನ ನಡೀರಿ ಎನ್ನುತ್ತಿದ್ದರು. ಯಾದಗಿರಿ, ಸೈದಾಪುರ, ಗುರುಮಠಕಲ್ ಕಡೆ ನನ್ನ ಪಾಲಿಗೆ. ಶಹಾಪುರ, ಸುರಪುರ, ಕಕ್ಕೇರಾ ಕಡೆ ಅವರ ಪಾಲಿಗೆ. ಒಂದು ವರ್ಷದ ಕೊನೆಗೆ ಕಂಪನಿಯವರು ಫೋನು ಮಾಡಿ ಬಹಳ ಸಂತೋಷದಿಂದ ಒಂದು ಸಂಗತಿ ಹೇಳಿದರು. ಜಿಲ್ಲೆಯ ಈ ಭಾಗದ ಜನ ಅಸಮಾಧಾನದಲ್ಲಿದ್ದಾರಂತೆ, ಆ ಭಾಗದವರು ನೆಮ್ಮದಿಯಿಂದಿದ್ದಾರಂತೆ. ಆ ಕಡೆ ಕೃಷ್ಣೆಯ ಕಾಲುವೆ ಇದೆಯಲ್ಲ, ಅದರ ಪರಿಣಾಮ ಎಷ್ಟು ಸ್ಪಷ್ಟವಾಗಿ ಕಾಣುತ್ತಿದೆ ನೋಡಿ ಎಂದರು. ಇದನ್ನು ನಾನು ಇವರಿಗೆ ಹೇಳಿದಾಗ ಚಹಾ ನೆತ್ತಿಗೇರುವಷ್ಟು ನಕ್ಕರು.

‘ಕಾಲುವಿ ಅಲ್ರಿ ಅಕ್ಕಾರ. ನಿಮ್ಮ ಮಾರಿ, ನನ್ನ ಮಾರಿ.’

ಒಮ್ಮೆ ನಾನು ಜ್ವರ ಬಂದು ಮಲಗಿದಾಗ ಗುರುಮಠಕಲ್ ಕಡೆಯ ನನ್ನ ಹಳ್ಳಿಗಳಿಗೆ ಅವರೇ ಹೋದರು. ಗಡಿಯ ಆ ಊರುಗಳ ತೆಲುಗು ಅವರಿಗೆ ಅರ್ಧಂಬರ್ಧ ಬರುತ್ತಿತ್ತು. ಆದರೂ ಅಲ್ಲಿಯ ಜನ ಒಮ್ಮೆಲೇ ಸುಖವಾಗಿಬಿಟ್ಟರು. ಕಂಪನಿಯವರು ಅದಕ್ಕೂ ಒಂದು ಕಾರಣ ಹುಡುಕಿಕೊಂಡರು.

ಚುನಾವಣೆ ಬಂದಾಗಲಂತೂ ಕೇಳಲೇಬೇಡಿ. ಯಾರಿಗೆ ಹಾಕುತ್ತೀರಿ ಎಂಬ ಪ್ರಶ್ನೆಗೆ ನಮ್ಮ ಜನ ಉತ್ತರ ಕೊಡುವುದಿಲ್ಲ, ನಮ್ಮನ್ನೇ ತೂಗಿ ನೋಡುತ್ತಾರೆ. ಹಣೆಯ ಮೇಲೆ ವಿಭೂತಿ ಇದೆಯೋ, ಕೊರಳಲ್ಲಿ ಏನಿದೆ, ಅಡ್ಡಹೆಸರು ಯಾವುದು, ಯಾವ ಓಣಿಯಿಂದ ಬಂದಿದ್ದಾರೆ? ಸುರಪುರದಲ್ಲಿ ಒಬ್ಬ ಮುಸ್ಲಿಂ ಟೇಲರ್ ಇವರನ್ನು ಕೂಡಿಸಿ, ಚಹಾ ತರಿಸಿ, ಮೊದಲು ನೀವು ಯಾರಿಗೆ ಹಾಕ್ತೀರಿ ಹೇಳ್ರಿ ಎಂದು ಕೇಳಿದನಂತೆ. ಹೇಳುವ ಹಾಗಿಲ್ಲ ಎಂದು ಇವರು ಅಂದರೆ, ‘ಹಾಂಗಾರ ನಂದೂ ಅದ ಬರಕೋರಿ’ ಎಂದನಂತೆ. ಉತ್ತರ ತುಂಬಲು ಕಂಪನಿ ಕೊಟ್ಟ ಮೊಬೈಲಿನಲ್ಲಿ ಇವರು ‘ಹೇಳಲು ಇಷ್ಟವಿಲ್ಲ’ ಎಂದೇ ಒತ್ತಿದರು. ಬೇರೆಯವರಾಗಿದ್ದರೆ ಮುಸ್ಲಿಮರ ಮನೆ ಎಂದು ತಾವೇ ಒಂದು ಗುರುತು ಒತ್ತಿ ಎದ್ದು ಬರುತ್ತಿದ್ದರು. ಹಾಗೆ ಮರದ ಕೆಳಗೆ ಕೂತು ಇಡೀ ಊರಿನ ಮನಸ್ಸನ್ನು ತಾವೇ ತುಂಬಿ ಕಳಿಸುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದರು. ಅವರ ಲೆಕ್ಕವೇ ಕೆಲವು ಸಲ ಖರೇ ಆಗುತ್ತಿತ್ತು ಎಂಬುದು ನನ್ನ ಹೊಟ್ಟೆಯುರಿ. ಇವರ ಹತ್ತಿರ ಆ ಮಾತು ಎತ್ತಿದರೆ ಸಿಟ್ಟು ಮಾಡುತ್ತಿರಲಿಲ್ಲ. ಮಂದಿ ಸುಳ್ಳು ಹೇಳಿದರೆ ಅದು ಅವರ ಸುಳ್ಳು, ನಾವು ಬರೆದರೆ ಅದು ನಮ್ಮ ಸುಳ್ಳು, ಅಷ್ಟೇ ಫರಕು ಎನ್ನುತ್ತಿದ್ದರು.

ಇಷ್ಟಾದರೂ ಮುಖ ನೋಡಿ ಮಾತು ಬದಲಾಗುತ್ತದೆ ಎಂಬುದನ್ನು ಅವರು ತಮಾಷೆಯಾಗಿಯೇ ತೆಗೆದುಕೊಂಡಿದ್ದರು, ಬಸ್ಸಿನ ಸಮೀಕ್ಷೆ ಬರುವ ತನಕ.

ಯಾವ ಹಳ್ಳಿಗೆ ಹೊಸ ಬಸ್ಸು ಬಿಡಬೇಕು, ಯಾವ ಹೊತ್ತಿಗೆ ಬಿಡಬೇಕು ಎಂದು ಜನರನ್ನೇ ಕೇಳಿ ತೀರ್ಮಾನಿಸುವ ಸಮೀಕ್ಷೆ ಅದು. ಕೇಳಿಸಿದವರು ಯಾರು ಎಂಬುದು ಇಲ್ಲಿ ಬೇಡ. ಪಟ್ಟಿಯಲ್ಲಿ ಕಕ್ಕೇರಾದ ಆಚೆಯ ಒಂದು ಸಣ್ಣ ಊರಿತ್ತು. ಅದು ಇವರ ತಂಗಿಯನ್ನು ಕೊಟ್ಟ ಊರು. ತಂದೆ ಬೇಗ ಹೋಗಿದ್ದರಿಂದ ಆ ಗಂಡು ನೋಡಿ, ಮಾತುಕತೆ ಮುಗಿಸಿ, ಧಾರೆ ಎರೆದು ಕೊಟ್ಟವರು ಇವರೇ. ತಂಗಿಯ ಮಗಳು ಸುರಪುರದ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದಳು. ಕಾಲೇಜು ಬಿಡುವ ಹೊತ್ತಿಗೆ ಅವಳ ಊರಿನ ಕೊನೆಯ ಬಸ್ಸು ಹೋಗಿಬಿಟ್ಟಿರುತ್ತಿತ್ತು. ಕಕ್ಕೇರಾದ ತನಕ ಬಂದು ಅಲ್ಲಿಂದ ಯಾರದೋ ಟಂಟಂ, ಯಾರದೋ ಟ್ರ್ಯಾಕ್ಟರ್ ಹಿಡಿದು ಕತ್ತಲಾಗುವ ಹೊತ್ತಿಗೆ ಮನೆ ಸೇರುತ್ತಿದ್ದಳು. ಸಂಜೆ ಬಸ್ಸು ಬರದಿದ್ದರೆ ಹಬ್ಬದ ನಂತರ ಕಾಲೇಜು ಬಿಡಿಸುತ್ತೇನೆ ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದ. ಇದನ್ನೆಲ್ಲ ಆ ಹುಡುಗಿಯೇ ಮಾವನಿಗೆ ಫೋನು ಮಾಡಿ ಅತ್ತು ಹೇಳಿದ್ದಳು.

ಆ ಊರಿಗೆ ನಾನು ಹೋಗಲೇ ಎಂದು ಕೇಳಿದೆ. ಬೇಡವೆಂದರು. ನಮ್ಮವರು, ನನ್ನ ಮುಂದೆ ಮನಸ್ಸು ಬಿಚ್ಚಿ ಹೇಳುತ್ತಾರೆ, ಈ ಸಲ ಆ ಕೂಸಿನ ಓದು ಇದರ ಮೇಲೇ ನಿಂತಿದೆ ಎಂದರು. ‘ನೀವು ಹೋದ್ರ ಇದ್ದ ಬಸ್ಸೂ ಬ್ಯಾಡ ಅಂತಾರ’ ಎಂದು ನನ್ನನ್ನು ಛೇಡಿಸಿ ಮೊಪೆಡ್ ಹತ್ತಿದರು.

ಅಲ್ಲಿ ಆದದ್ದನ್ನು ಅದೇ ಸಂಜೆ ಸುರಪುರದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಹೇಳಿದರು. ಹಿಂದಿನ ದಿನವೇ ಊರಿಗೆಲ್ಲ ಸುದ್ದಿ ಹೋಗಿತ್ತು, ಬೀಗರು ಬರುತ್ತಾರೆ ಎಂದು. ಒಂದು ಮನೆಯ ಬೀಗರೆಂದರೆ ನಮ್ಮ ಕಡೆ ಊರಿಗೇ ಬೀಗರು. ಕಟ್ಟೆಯ ಮೇಲೆ ಕಂಬಳಿ ಹಾಸಿದರು. ಚುರುಮುರಿಯ ಸೂಸಲಾ, ಮಿರ್ಚಿ ಬಂತು, ಚಹಾ ಬಂತು. ಇವರು ಪ್ರಶ್ನೆ ಓದಿದರು: ಈಗಿರುವ ಬಸ್ಸು ನಿಮಗೆ ಸಾಕೇ? ಸಂಜೆ ಇನ್ನೊಂದು ಬೇಕೇ? ಕಟ್ಟೆಯ ಹಿರಿಯರೊಬ್ಬರು ಮೀಸೆ ಒರೆಸಿಕೊಂಡು, ‘ಬೀಗ್ರ ಮುಂದ ಸುಳ್ಳ ಯಾಕ ಹೇಳೂದ್ರಿ, ನಮ್ಮೂರಿಗೆ ಏನ ಕಮ್ಮಿ ಅದ?’ ಎಂದರು. ಮನೆಗೊಂದು ಗಾಡಿ ಇದೆ ಎಂದ ಒಬ್ಬ. ಇರುವ ಬಸ್ಸೇ ಖಾಲಿ ಓಡುತ್ತದೆ ಎಂದ ಇನ್ನೊಬ್ಬ. ಬೇರೆ ಮನೆಗಳಿಗೆ ಹೋದರೂ ಅದೇ ಮಾತು. ಬೀಗರ ಎದುರು ಊರಿನ ಕೊರತೆ ಹೇಳಿದರೆ ಹೆಣ್ಣು ಕೊಟ್ಟು ತಪ್ಪು ಮಾಡಿದೆವು ಅಂದುಕೊಂಡಾರು ಎಂಬ ಅಂಜಿಕೆ. ಊರಿನ ಇಜ್ಜತ್ತಿನ ಪ್ರಶ್ನೆ.

ಕೊನೆಗೆ ತಂಗಿಯ ಮನೆ. ಅವಳ ಗಂಡ ಪಡಸಾಲೆಯಲ್ಲಿ ಕೂತಿದ್ದ. ಮೊಬೈಲು ಆ ಮನೆಯಲ್ಲಿ ಹೆಂಗಸನ್ನು ಕೇಳು ಎಂದು ಆರಿಸಿ ತೋರಿಸಿತು. ಇವರಿಗೆ ಜೀವ ಬಂದ ಹಾಗಾಯಿತು. ತಂಗಿ ಅಡುಗೆಮನೆಯ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು. ಇವರು ಪ್ರಶ್ನೆ ಕೇಳಿದರು. ಅವಳು ಅಣ್ಣನ ಮುಖ ನೋಡಿದಳು, ನಕ್ಕಳು, ‘ಸಾಕಣ್ಣ, ಎಲ್ಲಾ ಆರಾಮ ಅದ’ ಎಂದಳು. ಇವರು ಇನ್ನೊಮ್ಮೆ ಕೇಳಿದರು. ಅದೇ ನಗು, ಅದೇ ಉತ್ತರ. ತವರಿನವರ ಮುಂದೆ ಗಂಡನ ಮನೆಯ ದೂರು ಹೇಳಬಾರದು ಎಂದು ಹೆಣ್ಣುಮಕ್ಕಳಿಗೆ ಕಲಿಸುವವರು ನಾವೇ ಅಲ್ಲವೇ? ಬಸ್ಸು ಬೇಕಾಗಿದ್ದ ಹುಡುಗಿ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಅವಳನ್ನು ಕೇಳುವ ಹಾಗಿರಲಿಲ್ಲ. ಹದಿನೆಂಟು ತುಂಬದವರ ಅಭಿಪ್ರಾಯ ಆ ಸಮೀಕ್ಷೆಗೆ ಬೇಕಾಗಿರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ನಿಂತದ್ದು ಮಾತ್ರ ಇವರಿಗೆ ಕೇಳಿಸಿತಂತೆ.

ಹೋಟೆಲಿನಲ್ಲಿ ಅವರು ಇದನ್ನೆಲ್ಲ ಹೇಳುವಾಗ ಮೊಬೈಲು ಮೇಜಿನ ಮೇಲೇ ಇತ್ತು. ಆ ಊರಿನ ಉತ್ತರಗಳು ಇನ್ನೂ ಹೋಗಿರಲಿಲ್ಲ. ಕಕ್ಕೇರಾದ ಆಚೆ ನೆಟ್‌ವರ್ಕ್ ಸಿಕ್ಕಿರಲಿಲ್ಲ. ಬದಲಿಸಿಬಿಡಿ ಎಂದೆ. ಯಾರಿಗೆ ತಿಳಿಯುತ್ತದೆ? ಯಾರಿಗೆ ನಷ್ಟ? ಖರೇ ಸಂಗತಿ ನಿಮಗೆ ಗೊತ್ತಿದೆ, ಖರೇದನ್ನೇ ಬರೆಯಿರಿ ಎಂದೆ. ಗದರಿಸಿದೆ ಎಂದರೂ ತಪ್ಪಲ್ಲ. ಅವರು ಮೊಬೈಲು ಕೈಗೆತ್ತಿಕೊಂಡರು. ಎಲೆ ಅಡಿಕೆ ಬಾಯಲ್ಲೇ ಉಳಿದಿತ್ತು, ಅಗಿಯುವುದನ್ನೂ ಮರೆತಿದ್ದರು.

‘ಇಷ್ಟು ವರ್ಷ ಮಂದಿ ಮನ್ಯಾಗ ಅವರು ಹೇಳಿದ್ದ ಬರದೀನ್ರಿ ಅಕ್ಕಾರ. ನೀರಿಲ್ಲದ ಮನ್ಯಾಗ ನೀರದ ಅಂದಾರ, ಹಾಂಗ ಬರದೀನಿ. ಈಗ ನಮ್ಮ ಮನಿದು ಬಂತಂತ ತಿದ್ದಿದರ, ಅವರಿಗೆಲ್ಲ ನಾ ಏನ ಜವಾಬ ಕೊಡಲಿ?’

ಹಾಗೆಂದವರೇ ಕಳಿಸುವ ಗುಂಡಿ ಒತ್ತಿದರು. ಬಸ್‌ಸ್ಟ್ಯಾಂಡಿನಲ್ಲಿ ನೆಟ್‌ವರ್ಕ್ ಚೆನ್ನಾಗಿತ್ತು, ತಕ್ಷಣ ಹೋಯಿತು.

ನನಗೆ ಇಂದಿಗೂ ಸಿಟ್ಟಿದೆ. ಅವರು ಮಾಡಿದ್ದು ಸರಿಯೇ ಎಂದು ಒಮ್ಮೆ ಅನ್ನಿಸುತ್ತದೆ, ಎಂಥ ಹಟಮಾರಿ ಮನುಷ್ಯ ಎಂದು ಇನ್ನೊಮ್ಮೆ. ಬಸ್ಸು ಪಕ್ಕದ ಬೇರೊಂದು ಊರಿಗೆ ಹೋಯಿತು. ಅಲ್ಲಿಯವರು ಯಾರಿಗೂ ಬೀಗರಾಗದೆ ಬಾಯಿಗೆ ಬಂದ ಹಾಗೆ ಬೈದು ಬಸ್ಸು ಪಡೆದರು. ಹಬ್ಬ ಮುಗಿಯಿತು, ಹುಡುಗಿ ಕಾಲೇಜು ಬಿಟ್ಟಳು. ಇವರು ಹೋಗಿ, ಶಹಾಪುರದಲ್ಲಿ ನಮ್ಮ ಮನೆಯಲ್ಲಿದ್ದು ಓದಲಿ ಎಂದು ಕೇಳಿಕೊಂಡರು. ಮಗಳನ್ನು ಮಾವನ ಮನೆಯಲ್ಲಿ ಬಿಟ್ಟರೆ ನಮಗೆ ಹೊಟ್ಟೆಗಿಲ್ಲ ಅಂತ ಮಂದಿ ಆಡಿಕೊಳ್ಳುತ್ತಾರೆ ಎಂದು ಅವಳ ಅಪ್ಪ ಒಪ್ಪಲಿಲ್ಲ. ಮರುವರ್ಷ ಮದುವೆಯಾಯಿತು. ಈಗ ಅವಳು ಸೈದಾಪುರದಲ್ಲಿದ್ದಾಳೆ. ಗಂಡ ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಹೋಗುತ್ತಾನೆ. ಆರಾಮಾಗಿದ್ದಾಳೆ ಎಂದು ಕೇಳಿದ್ದೇನೆ. ಆರಾಮ ಎಂಬ ಮಾತನ್ನು ಮಾತ್ರ ನಾನೀಗ ಯಾರ ಬಾಯಿಂದ ಬಂದರೂ ನಂಬುವುದಿಲ್ಲ.

ಅಲ್ಲಿಂದ ಮೇಲೆ ಅವರ ಕೆಲಸದ ರೀತಿ ಬದಲಾಯಿತು. ಪ್ರಶ್ನೆಯೆಲ್ಲ ಮುಗಿಸಿ, ಮೊಬೈಲು ಜೇಬಿಗೆ ಹಾಕಿ, ಬರ್ತೀನ್ರಿ ಎಂದು ಎದ್ದುಬಿಡುತ್ತಿದ್ದರು. ಉತ್ತರ ಇನ್ನೂ ಒತ್ತಿರುತ್ತಿರಲಿಲ್ಲ. ಹೊಸ್ತಿಲಿಗೆ ಬಂದು ಚಪ್ಪಲಿ ಮೆಟ್ಟಲು ತಡ ಮಾಡುತ್ತಿದ್ದರು. ಒಂದು ಸಿಗುತ್ತಿರಲಿಲ್ಲ, ಇನ್ನೊಂದರ ಉಂಗುಷ್ಠದ ಪಟ್ಟಿ ಬಿಗಿಯಾಗುತ್ತಿತ್ತು, ಗೋಡೆ ಹಿಡಿದು ಬಗ್ಗುತ್ತಿದ್ದರು. ಆಗ ಹಿಂದಿನಿಂದ ಯಾರಾದರೂ ಮೆಲ್ಲಗೆ, ‘ಹಾಂಗ ಅಂದ್ರ ಸರ, ನೀರು ಬಂದು ಭಾಳ ದಿನ ಆತ್ರಿ’ ಎನ್ನುತ್ತಿದ್ದರು. ಓಣಿಯ ತಿರುವಿನಲ್ಲಿ ನಿಂತು ಅದನ್ನು ಒತ್ತುತ್ತಿದ್ದರು. ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ, ಸ್ಟುಡಿಯೋದಲ್ಲಿ ಎಂದರು. ಫ್ಲ್ಯಾಶ್ ಹೊಡೆಯುವ ತನಕ ಎಲ್ಲರೂ ಬಿಗಿಹಿಡಿದು ಕೂತಿರುತ್ತಾರೆ, ಹೊಡೆದಾದ ಮೇಲೆ ಮುಖ ಖರೇ ಆಗುತ್ತದೆ, ಇಷ್ಟು ವರ್ಷ ಗೊತ್ತಿದ್ದೂ ಅವತ್ತು ತಂಗಿಯ ಮನೆಯಲ್ಲಿ ಗಡಬಡಿಸಿ ಎದ್ದುಬಿಟ್ಟೆ ಎಂದರು. ಕಂಪನಿಯವರಿಗೆ ಇದು ಹಿಡಿಸಲಿಲ್ಲ. ಒಂದೊಂದು ಮನೆಗೆ ಇಷ್ಟು ಹೊತ್ತು ಯಾಕೆ ಎಂದು ಕೇಳಿದರು. ಇವರ ಹಳ್ಳಿಗಳ ನೆಮ್ಮದಿ ಒಮ್ಮೆಲೇ ಇಳಿದದ್ದು ನೋಡಿ ಅನುಮಾನವನ್ನೂ ಪಟ್ಟರು. ಕೆಲಸ ಕಡಿಮೆಯಾಗುತ್ತ ಬಂದು ಒಂದು ದಿನ ಕರೆಯುವುದನ್ನೇ ಬಿಟ್ಟರು. ನಾನೂ ಸಾಕಾಗಿ ಬಿಟ್ಟೆ.

ಕಾಯಿಲೆ ಎಂದು ಗೊತ್ತಾಗಿ ನೋಡಲು ಹೋದದ್ದು ಹೋದ ಬೇಸಿಗೆಯಲ್ಲಿ. ಮಲಗಿದ ಬುದ್ಧನ ಗುಡ್ಡ ಕಾಣುವ ಓಣಿ ಅವರದು. ಒಳಗೆ ಹೋಗುವ ಮೊದಲೇ ಅವರ ಹೆಂಡತಿ ನನ್ನನ್ನು ತಡೆದರು. ನೋವು ಬಹಳ ಇದೆ, ಕೂಗಬಾರದೆಂದು ಟವೆಲ್ಲು ಬಾಯಲ್ಲಿ ಕಚ್ಚಿ ಹಿಡಿದು ಮಲಗುತ್ತಾರೆ, ಕೇಳಿದರೆ ಏನೂ ಹೇಳುವುದಿಲ್ಲ ಎಂದು ಅತ್ತರು. ಒಳಗೆ ಹೋದರೆ ತುಂಬು ತೋಳಿನ ಬಿಳಿ ಅಂಗಿ ಹಾಕಿಕೊಂಡೇ ಮಲಗಿದ್ದರು, ಅಂಗಿಯೊಳಗೆ ಮನುಷ್ಯ ಅರ್ಧ ಆಗಿದ್ದರು. ತಂಗಿ ಕಕ್ಕೇರಾ ಕಡೆಯಿಂದ ಆರೈಕೆಗೆ ಬಂದಿದ್ದಳು. ನನ್ನನ್ನು ನೋಡಿ ಅವರಿಗೆ ಹಳೆಯದೆಲ್ಲ ನೆನಪಾಗಿರಬೇಕು. ತಲೆದಿಂಬು ಸರಿಮಾಡುತ್ತಿದ್ದ ತಂಗಿಯ ಕೈ ಹಿಡಿದು, ಮನೆಮನೆಗೆ ಹೋಗಿ ಕೇಳುವಾಗಿನ ಅದೇ ದನಿ ತೆಗೆದರು.

‘ಯವ್ವಾ, ಒಂದು ಸವಾಲ ಕೇಳ್ತೀನ್ರಿ. ನಿಮ್ಮೂರಿಗೆ ಸಂಜಿ ಬಸ್ ಬೇಕಿತ್ತೇನ್ರಿ?’

ಅವಳು ಮೊದಲು ನಕ್ಕಳು. ಆಮೇಲೆ ನಗು ಉಳಿಯಲಿಲ್ಲ.

‘ಬೇಕಿತ್ತಣ್ಣ, ಭಾಳ ಬೇಕಿತ್ತು. ನಿನ್ನ ಮುಂದ ಹ್ಯಾಂಗ ಹೇಳಲಿ? ನೀ ನೋಡಿ ಕೊಟ್ಟ ಮನಿ ಅದು.’

ಅವರು ತಲೆಯಾಡಿಸಿದರು. ಇಷ್ಟು ವರ್ಷ ಆ ಒಂದು ಉತ್ತರಕ್ಕೆ ಕಾದವರ ಹಾಗೆ ಕಣ್ಣು ಮುಚ್ಚಿಕೊಂಡರು. ತಂಗಿ ಸೆರಗಿನಿಂದ ಮುಖ ಒರೆಸಿಕೊಂಡು, ಅವರ ಕೈ ಬಿಡದೆ, ನಾ ಖರೇ ಹೇಳಿದೆ, ಈಗ ನೀನೂ ಹೇಳು, ನೋವು ಬಹಳ ಇದೆಯೇನು ಎಂದು ಕೇಳಿದಳು. ಅವರು ಕಣ್ಣು ತೆರೆದು ಅವಳ ಮುಖ ನೋಡಿದರು. ಇನ್ನೊಂದು ಕೈ ಅಂಗಿಯ ಗುಂಡಿಯನ್ನು ಸರಿಮಾಡಿತು.

‘ಇಲ್ಲವ್ವ. ಆರಾಮ ಅದೀನಿ.’

ನಾನು ಹೊರಟೆ. ಹೊಸ್ತಿಲಲ್ಲಿ ನಿಂತು ಚಪ್ಪಲಿ ಹುಡುಕಿದೆ, ಎದುರಿಗೇ ಇದ್ದವು. ಒಂದು ಮೆಟ್ಟಿದೆ, ಬಿಚ್ಚಿದೆ, ಗೋಡೆ ಹಿಡಿದು ಬಗ್ಗಿ ಮತ್ತೆ ಮೆಟ್ಟಿದೆ. ಎಷ್ಟು ತಡ ಮಾಡಬಹುದೋ ಅಷ್ಟೂ ತಡ ಮಾಡಿದೆ. ತಿರುಗಿ ನೋಡಿದರೆ ಅವರು ನನ್ನನ್ನೇ ನೋಡುತ್ತಿದ್ದರು. ನಾನೇನು ಮಾಡುತ್ತಿದ್ದೇನೆಂದು ಅವರಿಗಲ್ಲದೆ ಇನ್ಯಾರಿಗೆ ತಿಳಿದೀತು? ತಂಗಿ ಇನ್ನೂ ಮಂಚದ ಹತ್ತಿರವೇ ಕೂತಿದ್ದಳು.

‘ಬಿಸಲ ಭಾಳ ಅದ ಅಕ್ಕಾರ, ನಡೀರಿ. ಬಸ್ ತಪ್ಪತದ’ ಎಂದರು.